ಹೃದಯಾವರಣದ ತೀವ್ರ ಉರಿಯೂತ: ರೋಗಪತ್ತೆಯ ಇತಿಹಾಸ

ಹೃದಯವನ್ನು ಸುತ್ತಿರುವ ಎರಡು ಪದರಿನ ಪೊರೆಗೆ ಹಠಾತ್ತನೆ ತಗಲುವ ಉರಿಯೂತವನ್ನು ವೈದ್ಯರು ಅಕ್ಯೂಟ್ ಪೆರಿಕಾರ್ಡೈಟಿಸ್ ಎನ್ನುತ್ತಾರೆ. ಆರೋಗ್ಯವಂತರಲ್ಲಿ ಈ ಪದರಗಳ ನಡುವೆ 15ರಿಂದ 50 ಮಿ.ಲೀ. ದ್ರವವಿರುತ್ತದೆ. ಉರಿಯೂತವಾದಾಗ ಎದೆ ಚುಚ್ಚಿದಂತಾಗುತ್ತದೆ. ಉಸಿರೆಳೆದರೆ, ಅಂಗಾತ ಮಲಗಿದರೆ ನೋವು ಹೆಚ್ಚುತ್ತದೆ, ಎದ್ದು ಕುಳಿತು ಮುಂದಕ್ಕೆ ಬಾಗಿದರೆ ತಗ್ಗುತ್ತದೆ.

ರೋಗ ಹಳೆಯದು. 12ನೇ ಶತಮಾನದಲ್ಲೇ ಸ್ಪೇನಿನ ಅರಬ್ ವೈದ್ಯ ಇಬ್ನ್ ಜುಹ್ರ್ ಇದನ್ನು ವರ್ಣಿಸಿದ್ದ. ಪೊರೆಯಲ್ಲಿ ತುಂಬಿದ ದ್ರವ ಹೃದಯವನ್ನು ಅದುಮುವುದನ್ನು 1669ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲೋವರ್ ಬರೆದ. ಆದರೆ ಬದುಕಿರುವ ರೋಗಿಯಲ್ಲಿ ಕಾಯಿಲೆ ಗುರುತಿಸಲು ಕಿವಿಗೊಂದು ಉಪಕರಣ ಬೇಕಿತ್ತು. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಸ್ಟೆತೊಸ್ಕೋಪ್ ಕಂಡುಹಿಡಿದ ಮೇಲೆ, ಅವನ ಶಿಷ್ಯ ವಿಕ್ಟರ್ ಕೊಲಾನ್ 1824ರಲ್ಲಿ ಉರಿಯೂತಗೊಂಡ ಪದರಗಳು ಒಂದಕ್ಕೊಂದು ಉಜ್ಜುವ ಸದ್ದನ್ನು ದಾಖಲಿಸಿದ. ಅವನು ಅದನ್ನು ಹೋಲಿಸಿದ್ದು ಹೊಸ ಚರ್ಮ ಕಿರಗುಟ್ಟುವುದಕ್ಕೆ. ಇಂದಿಗೂ ಆ ಸದ್ದಿಗೆ ಕಿವಿಗೊಡುವ ಕ್ರಮ ಒಂದೇ: ರೋಗಿಯನ್ನು ಮುಂದಕ್ಕೆ ಬಾಗಿಸಿ, ಉಸಿರು ಹೊರಬಿಟ್ಟು ತಡೆಯಲು ಹೇಳಿ, ಎದೆಮೂಳೆಯ ಎಡ ಅಂಚಿನ ಕೆಳಭಾಗದಲ್ಲಿ ಸ್ಟೆತೊಸ್ಕೋಪನ್ನು ಒತ್ತಿ ಹಿಡಿಯಬೇಕು. ಬೆಳಿಗ್ಗೆ ಕೇಳಿದ ಸದ್ದು ಸಂಜೆಗೆ ಮಾಯವಾಗಬಹುದು. ಒಮ್ಮೆ ಆಲಿಸಿ ಕೈಬಿಟ್ಟರೆ ಸಾಲದು.

20ನೇ ಶತಮಾನದಲ್ಲಿ ಹೃದಯದ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಸಿಜಿ ಬಂತು. 1965ರಲ್ಲಿ ಅಮೆರಿಕದ ಹಾರ್ವಿ ಫೈಗನ್‌ಬಾಮ್ ಪೊರೆಯೊಳಗಿನ ದ್ರವವನ್ನು ಅಲ್ಟ್ರಾಸೌಂಡಿನಿಂದ ತೋರಿಸಿದ ಮೇಲೆ ಇದರ ಪತ್ತೆಗೆ ಎಕೋ (ಹೃದಯದ ಅಲ್ಟ್ರಾಸೌಂಡ್) ಬಳಕೆಗೆ ಬಂತು. 2015ರ ಯುರೋಪಿಯನ್ ಮಾರ್ಗಸೂಚಿಯ ಪ್ರಕಾರ ವಿಶಿಷ್ಟ ನೋವು, ಉಜ್ಜುವ ಸದ್ದು, ಇಸಿಜಿ ಬದಲಾವಣೆ, ಹೊಸ ದ್ರವ — ಈ ನಾಲ್ಕರಲ್ಲಿ ಎರಡಿದ್ದರೆ ರೋಗ ಖಚಿತ.

ತೊಡಕಿರುವುದು ಇಸಿಜಿಯಲ್ಲೇ. ಹೃದಯಾಘಾತದಂತೆ ಈ ಉರಿಯೂತದಲ್ಲೂ ಇಸಿಜಿ ರೇಖೆಯ ಎಸ್‌ಟಿ ಭಾಗ ಮೇಲೇರುತ್ತದೆ. ಹೃದಯಾಘಾತದಲ್ಲಿ ಏರಿಕೆ ಒಂದು ರಕ್ತನಾಳದ ವ್ಯಾಪ್ತಿಗೆ ಸೀಮಿತ, ಹೃದಯವನ್ನು ಎದುರು ದಿಕ್ಕಿನಿಂದ ದಾಖಲಿಸುವ ಲೀಡ್‌ಗಳಲ್ಲಿ ಇಳಿಕೆ ಇರುತ್ತದೆ. ಪೊರೆಯ ಉರಿಯೂತದಲ್ಲಿ ಬಹುತೇಕ ಲೀಡ್‌ಗಳಲ್ಲೂ ಏರಿಕೆ, ಜೊತೆಗೆ ಪಿಆರ್ ಭಾಗದ ಕುಸಿತ. ಹೃದಯ ಸ್ನಾಯುವಿನ ಹಾನಿಯನ್ನು ಸೂಚಿಸುವ ಟ್ರೋಪೋನಿನ್ ಎರಡರಲ್ಲೂ ಏರಬಹುದು. ಇಸಿಜಿಯ ಈ ವ್ಯತ್ಯಾಸ ಬರಿಯ ಪುಸ್ತಕದ ಮಾತಲ್ಲ. ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದಲ್ಲೇ ಇಸಿಜಿ ಓದಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಡುತ್ತಾರೆ. ಹೃದಯಾಘಾತಕ್ಕೆ ಅದು ಜೀವರಕ್ಷಕ. ಆದರೆ ಊದಿದ ಪೊರೆಯಲ್ಲಿ ಅದರಿಂದ ರಕ್ತಸ್ರಾವವಾಗಿ ಹೃದಯವನ್ನೇ ಅದುಮೀತು.

ಹಳ್ಳಿಗಳಲ್ಲಿ ಈ ಪತ್ತೆ ಎಷ್ಟು ಮುಖ್ಯ ಎಂಬುದಕ್ಕೆ ಉತ್ತರ ಕರ್ನಾಟಕದ ವಿಜಯಪುರವನ್ನು ನೋಡಬಹುದು. ಆ ಭಾಗದವರು ದೊಡ್ಡ ಕಾಯಿಲೆಗೆ ಹಿಂದೆ ಮಹಾರಾಷ್ಟ್ರದ ಸೊಲ್ಲಾಪುರದ ದಾರಿ ಹಿಡಿಯುತ್ತಿದ್ದರು, ಇಲ್ಲವೇ ಮಿಷನರಿ ಡಾ. ವಾನ್ಲೆಸ್ 1894ರಲ್ಲಿ ಕಟ್ಟಿದ ಮೀರಜಿನ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದರು. ಮುಂದೆ ವಿಜಯಪುರ ನಗರದಲ್ಲೇ 1984ರಲ್ಲಿ ಅಲ್‌-ಅಮೀನ್, 1986ರಲ್ಲಿ ಬಿಎಲ್‌ಡಿಇ ಸಂಸ್ಥೆಯ ವೈದ್ಯಕೀಯ ಕಾಲೇಜುಗಳು ಆರಂಭವಾದವು. ಜಿಲ್ಲೆಯ ಟಿಕೋಟಾ, ಬಬಲೇಶ್ವರ ಈಚಿನ ತಾಲ್ಲೂಕುಗಳು. ಎರಡೂ ನಗರದಿಂದ ಸುಮಾರು 20–25 ಕಿ.ಮೀ. ದೂರ. ಅಲ್ಲಿನ ದ್ರಾಕ್ಷಿ ತೋಟದಲ್ಲಿ ದುಡಿಯುವವರೊಬ್ಬರು "ಎದಿ ಚುಚ್ಚತೈತ್ರಿ" ಎಂದಾಗ ಮನೆಯವರು ಮೊದಲು "ಗ್ಯಾಸ್" ಎಂದುಬಿಡುವುದೇ ಹೆಚ್ಚು. ಆದರೆ ನೋವು "ಮಲಗಿದರೆ ಹೆಚ್ಚೋ, ಕುಳಿತರೆ ಹೆಚ್ಚೋ" ಎಂಬ ಪ್ರಶ್ನೆಗೆ ಯಂತ್ರ ಬೇಕಿಲ್ಲ.

ಶ್ರೀಮಂತ ದೇಶಗಳಲ್ಲಿ ಈ ಉರಿಯೂತಕ್ಕೆ ಹೆಚ್ಚಾಗಿ ವೈರಸ್ಸಿನ ಸೋಂಕು ಕಾರಣವೆನ್ನುತ್ತಾರೆ. ಭಾರತದಲ್ಲಿ ಕ್ಷಯವನ್ನು ಮರೆಯುವಂತಿಲ್ಲ. ಕ್ಷಯದ ಉರಿಯೂತ ಬಹುಮಟ್ಟಿಗೆ ಕಳ್ಳಹೆಜ್ಜೆಯಲ್ಲಿ ಬರುತ್ತದೆ: ವಾರಗಟ್ಟಲೆ ಜ್ವರ, ತೂಕ ಇಳಿಕೆ, ಏದುಸಿರು, ಕಾಲೂತ. ಚುಚ್ಚುನೋವು ಇಲ್ಲದೆಯೂ ಇರಬಹುದು. ಪೊರೆಯಿಂದ ತೆಗೆದ ದ್ರವದಲ್ಲಿ ಎಡಿಎ ಎಂಬ ಕಿಣ್ವದ ಮಟ್ಟ ನೋಡುತ್ತಾರೆ, ಕ್ಷಯರೋಗಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಮಾಡಿಸುತ್ತಾರೆ. ಸಿಬಿನ್ಯಾಟ್ ನೆಗೆಟಿವ್ ಬಂದ ಮಾತ್ರಕ್ಕೆ ಕ್ಷಯವಿಲ್ಲ ಎನ್ನಲಾಗದು. ತಡವಾದರೆ ಪೊರೆ ಗಡುಸಾಗಿ ಹೃದಯವನ್ನು ಬಿಗಿಯುತ್ತದೆ, ಆಗ ಉಳಿಯುವುದು ಶಸ್ತ್ರಚಿಕಿತ್ಸೆಯ ದಾರಿ. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ.