ಬಾಣಂತಿ ಸನ್ನಿಯೂ ಹೆಪ್ಪುಗಟ್ಟಿದ ನೆತ್ತರೂ

ಶಿಕಾರಿಪುರ, ಸೊರಬಗಳ ಕಡೆಯ ಹಳೆಯ ಮನೆಗಳಲ್ಲಿ ಬಾಣಂತಿಯ ಕೋಣೆಯೆಂದರೆ ಗಾಳಿಯಾಡದ ಕತ್ತಲೆಯ ಕೋಣೆ. ಮಂಚದ ಬಳಿ ಕೆಂಡ, ತಲೆಗೂ ಕಿವಿಗೂ ಬಿಗಿದ ಬಟ್ಟೆ, ಎಣ್ಣೆ, ಬಿಸಿನೀರು, ಮೆಣಸು ಬೆಳ್ಳುಳ್ಳಿಯ ಊಟ. ಇವುಗಳಲ್ಲಿ ಹಲವಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ಗುಟುಕಿನ ಲೆಕ್ಕದಲ್ಲಿ ನೀರು ಕೊಡುವ ಪದ್ಧತಿಯುಂಟಲ್ಲ, ಅದರ ಮಾತು ಬೇರೆ.

ಹೆರಿಗೆಯಾಗಿ ಒಂದೆರಡು ವಾರದಲ್ಲಿ ತಾಯಿಗೆ ತಡೆಯಲಾರದ ತಲೆನೋವು, ವಾಂತಿ. ಆಮೇಲೆ ಫಿಟ್ಸು, ಒಂದು ಪಕ್ಕದ ಕೈಕಾಲು ಸೋಲುವುದು, ಪ್ರಜ್ಞೆ ತಪ್ಪುವುದು. ಹಿರಿಯರು ಇದನ್ನು ಬಾಣಂತಿ ಸನ್ನಿ ಎಂದರು. ಗಾಳಿ ಸೋಕಿತೆಂದು ಯಂತ್ರ ಕಟ್ಟಿಸಿದವರೂ ಉಂಟು. ಆ ಒಂದು ಹೆಸರಿನೊಳಗೆ ಹಲವು ಕಾಯಿಲೆಗಳು ಸೇರಿದ್ದವು. ಅವುಗಳಲ್ಲೊಂದು, ಮೆದುಳಿನಿಂದ ಹೃದಯಕ್ಕೆ ರಕ್ತವನ್ನು ಮರಳಿಸುವ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದು.

ಯೂರೋಪಿನ ವೈದ್ಯರಿಗೂ ಇದು ಶವಪರೀಕ್ಷೆಯಲ್ಲಿ ಮಾತ್ರ ಕಂಡ ಕಾಯಿಲೆ. ೧೮೨೫ರಲ್ಲಿ ಫ್ರಾನ್ಸಿನ ರೀಬ್ ಒಬ್ಬ ಗಂಡಸಿನಲ್ಲಿ ಇದನ್ನು ವಿವರಿಸಿದ; ೧೮೨೮ರಲ್ಲಿ ಸ್ಕಾಟ್ಲೆಂಡಿನ ಅಬರ್‌ಕ್ರಾಂಬಿ ಒಬ್ಬ ಬಾಣಂತಿಯಲ್ಲಿ. ಹೆರಿಗೆಯಲ್ಲಿ ನೆತ್ತರು ಹರಿದು ತಾಯಿ ಸಾಯದಿರಲೆಂದು ಪ್ರಕೃತಿಯೇ ಬಸುರಿಯ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಸಜ್ಜುಗೊಳಿಸಿರುತ್ತದೆ. ಆ ಏರ್ಪಾಡು ಹೆರಿಗೆಯ ಬಳಿಕವೂ ಕೆಲವು ವಾರ ಇಳಿಯದು. ಅದರ ಮೇಲೆ ನೀರನ್ನೂ ತಡೆದರೆ ರಕ್ತ ಇನ್ನಷ್ಟು ಮಂದವಾಗುತ್ತದೆ.

ಸೊರಬದ ಹೆಸರು ವೈದ್ಯಗ್ರಂಥಗಳನ್ನು ಸೇರಿದ್ದು ಇದಕ್ಕೆ ತೀರ ವಿರುದ್ಧವಾದ ಕಾರಣದಿಂದ. ೧೯೫೭ರಲ್ಲಿ ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯಲ್ಲಿ ರಕ್ತದ ಪ್ಲೇಟ್‌ಲೆಟ್ ಕಣಗಳು ಕುಗ್ಗಿ, ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ ಒಸರುತ್ತದೆ. ಅಲ್ಲಿ ಹೆಪ್ಪುಗಟ್ಟದ ರಕ್ತ. ಇಲ್ಲಿ ಹೆಪ್ಪುಗಟ್ಟಲು ಆತುರಪಡುವ ರಕ್ತ.

ಹೆಪ್ಪನ್ನು ತಡೆಯುವ ಹೆಪಾರಿನ್ ಅಮೆರಿಕದಲ್ಲಿ ೧೯೧೬ರಲ್ಲೇ ದೊರೆಯಿತು. ೧೯೪೨ರಲ್ಲಿ ಇಂಗ್ಲೆಂಡಿನ ಸ್ಟ್ಯಾನ್ಸ್‌ಫೀಲ್ಡ್ ಅದನ್ನು ಈ ಕಾಯಿಲೆಗೆ ಬಳಸಿದ. ಆದರೂ ವೈದ್ಯರು ಅಂಜಿದರು. ಸಿರೆ ಕಟ್ಟಿಕೊಂಡಾಗ ಹಿಂದಿನ ಒತ್ತಡಕ್ಕೆ ಮೆದುಳಿನೊಳಗೆ ರಕ್ತ ಸೋರಿರುವುದೂ ಉಂಟು. ಹಾಗಿರುವಾಗ ಹೆಪ್ಪು ತಡೆಯುವ ಮದ್ದು ಕೊಡುವುದೆ? ಅಂಜಿಕೆ ಸಹಜವೇ. ೧೯೯೧ರಲ್ಲಿ ಜರ್ಮನಿಯ ಐನ್‌ಹಾಯ್ಪ್ಲ್ ಮತ್ತು ಸಂಗಡಿಗರು ೨೦ ರೋಗಿಗಳನ್ನು ಎರಡು ಪಾಲು ಮಾಡಿ ನೋಡಿದರು. ಹೆಪಾರಿನ್ ಪಡೆದ ಹತ್ತು ಮಂದಿಯಲ್ಲಿ ಯಾರೂ ಸಾಯಲಿಲ್ಲ. ಪಡೆಯದ ಹತ್ತರಲ್ಲಿ ಮೂವರು ಸತ್ತರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಸಹೋದ್ಯೋಗಿಗಳು ಬಾಣಂತಿಯರಲ್ಲಿಯೇ ಈ ಕಾಯಿಲೆಯನ್ನು ಅಭ್ಯಸಿಸಿ, ಅಲ್ಪ ಪ್ರಮಾಣದ ಹೆಪಾರಿನ್‌ನಿಂದ ಗುಣ ಕಂಡದ್ದನ್ನು ೧೯೯೯ರಲ್ಲಿ ಪ್ರಕಟಿಸಿದರು.

ರಕ್ತಪರೀಕ್ಷೆಯಿಂದಲೇ ಇದನ್ನು ಹಿಡಿಯಬಹುದೆ ಎಂದು ವಾಚಕರು ಕೇಳಬಹುದು. ಹೆಪ್ಪು ಕರಗುವಾಗ ಅದರ ಫೈಬ್ರಿನ್ ನಾರು ತುಂಡಾಗಿ ಡಿ-ಡೈಮರ್ ಎಂಬ ಚೂರುಗಳು ರಕ್ತಕ್ಕೆ ಬೀಳುತ್ತವೆ. ಅವು ಹೆಚ್ಚಿದ್ದರೆ ಎಲ್ಲಿಯೋ ಹೆಪ್ಪಿದೆಯೆಂಬ ಸುಳಿವು. ತೊಡಕೇನೆಂದರೆ, ಆರೋಗ್ಯವಂತ ಬಾಣಂತಿಯಲ್ಲೂ ಅವು ಹೆಚ್ಚಾಗಿಯೇ ಇರುತ್ತವೆ. ಕಾಯಿಲೆ ಹಳೆಯದಾದರೆ, ಅಥವಾ ತಲೆನೋವೊಂದೇ ಲಕ್ಷಣವಾದರೆ, ಹೆಪ್ಪಿದ್ದರೂ ಅಂಕಿ ಏರದೆ ಇರಬಹುದು. ಆದ್ದರಿಂದ ಕೊನೆಯ ತೀರ್ಪು ಸಿರೆಗಳನ್ನು ತೋರಿಸುವ ಎಂ.ಆರ್.ಐ. ಅಥವಾ ಸಿ.ಟಿ. ಚಿತ್ರದ್ದು. ಬಾಣಂತಿಯ ತಲೆನೋವು ಎರಡನೆಯ ದಿನವೂ ಏರುತ್ತಲೇ ಇದ್ದರೆ, ಶಿಕಾರಿಪುರದ ಮನೆಯವರು ಕಷಾಯ ಕುದಿಸುತ್ತ ಕೂರದೆ ಶಿವಮೊಗ್ಗದ ದಾರಿ ಹಿಡಿಯಬೇಕಾದದ್ದು ಆ ಚಿತ್ರಕ್ಕಾಗಿಯೇ.