ಏಜೆಂಟನ ಕಸುಬು, ಏಜೆಂಟನ ಪ್ರೇಮ

1996ರಲ್ಲಿ ತೆರೆಕಂಡ ಕ್ಯಾಮರಾನ್ ಕ್ರೋ ಅವರ, ಕ್ರೀಡಾ ಏಜೆಂಟ್ ಜೆರ್ರಿಯ ಕಥೆ ಹೇಳುವ ‘ಜೆರ್ರಿ ಮಗ್ವಾಯರ್’ ಚಿತ್ರವನ್ನು ಮೆಚ್ಚಿದವರಲ್ಲೂ ಒಮ್ಮತವಿಲ್ಲ. ಕೆಲವರಿಗೆ ಅದು ಪ್ರೇಮಕಥೆ, ಫುಟ್‌ಬಾಲ್ ನೆಪಮಾತ್ರ. ಇನ್ನು ಕೆಲವರಿಗೆ ಜೆರ್ರಿ ಪ್ರತಿನಿಧಿಸುವ ಆಟಗಾರ ರಾಡ್ ಟಿಡ್ವೆಲ್‌ನೇ ಚಿತ್ರದ ಜೀವ, ಜೆರ್ರಿಯ ಮದುವೆಯ ಭಾಗ ಬರೀ ಎಳೆದಾಟ. ಕ್ರೀಡಾ ಏಜೆಂಟನ ಕಸುಬು ನಡೆದುಬಂದ ದಾರಿಯನ್ನು ನೋಡಿದರೆ ಈ ಎರಡೂ ಓದು ಅರ್ಧಕ್ಕೇ ನಿಲ್ಲುತ್ತವೆ. 1925ರಲ್ಲಿ ಚಿತ್ರಮಂದಿರದ ಮಾಲೀಕ ಸಿ. ಸಿ. ಪೈಲ್, ಕಾಲೇಜು ಆಟಗಾರ ರೆಡ್ ಗ್ರೇಂಜ್‌ನನ್ನು ವೃತ್ತಿಪರ ಫುಟ್‌ಬಾಲ್‌ಗೆ ಕರೆತಂದ; ಆಗ ಏಜೆಂಟನೆಂದರೆ ಪ್ರದರ್ಶನ ಏರ್ಪಡಿಸುವವನು. 1975ರಲ್ಲಿ ಲೀ ಸ್ಟೈನ್‌ಬರ್ಗ್ ತಮ್ಮ ಗೆಳೆಯ, ಆಟಗಾರ ಸ್ಟೀವ್ ಬಾರ್ಟ್‌ಕೌಸ್ಕಿ ಪರ ಒಪ್ಪಂದ ಕುದುರಿಸಿದರು. ಜೆರ್ರಿಯ ಪಾತ್ರಕ್ಕೆ ಸ್ಫೂರ್ತಿ ಸ್ಟೈನ್‌ಬರ್ಗ್ ಅವರೇ. ಹೀಗೆ ಗೆಳೆತನವೂ ಬೆರೆತ ಈ ಕಸುಬಿಗೆ 1993ರಲ್ಲಿ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಆಟಗಾರರಿಗೆ ದಕ್ಕಿದ ತಂಡ ಬದಲಿಸುವ ಸ್ವಾತಂತ್ರ್ಯ ಹೊಸ ಇಕ್ಕಟ್ಟು ತಂದಿತು: ಎಲ್ಲರೂ ಬಿಟ್ಟುಹೋಗಬಹುದಾದಾಗ ನಿಷ್ಠೆಗೆ ಬೆಲೆಯೆಷ್ಟು?

ಜೆರ್ರಿ ತನ್ನ ಜೊತೆ ಕೆಲಸ ಬಿಟ್ಟುಬಂದ ಡೊರೊಥಿಯನ್ನು ಮದುವೆಯಾಗುವುದು ಒಲವಿಗಿಂತ ಕೃತಜ್ಞತೆಯಿಂದ, ಆದ್ದರಿಂದ ಪ್ರೇಮ ಸಪ್ಪೆ ಎನ್ನುವ ಆಕ್ಷೇಪದಲ್ಲಿ ಹುರುಳಿದೆ. ಆದರೆ ಆ ಸಪ್ಪೆತನ ಚಿತ್ರದ ದೋಷವಲ್ಲ, ಅದರ ವಿಷಯವೇ. ನಿಷ್ಠೆಯನ್ನು ಕರಾರಿನಲ್ಲಷ್ಟೇ ಕಂಡವನು ಮನೆಯಲ್ಲೂ ಕರಾರನ್ನೇ ಕಟ್ಟುತ್ತಾನೆ. ಇದಕ್ಕೆ ವಿರುದ್ಧವಾದ, ಟಿಡ್ವೆಲ್ ದಂಪತಿಯ ಬೆಚ್ಚಗಿನ ಸಂಸಾರ ಅವನೆದುರೇ ಇದೆ. ಟಿಡ್ವೆಲ್ ಪಾತ್ರಕ್ಕೆ ಕ್ಯೂಬಾ ಗುಡಿಂಗ್ ಜೂನಿಯರ್ ಆಸ್ಕರ್ ಪಡೆದದ್ದು ಆಟದ ದೃಶ್ಯಗಳಷ್ಟೇ ಆ ಸಂಸಾರದ ದೃಶ್ಯಗಳಿಗೂ ಸಂದ ಗೌರವ ಎಂದು ನಾನು ನಂಬುತ್ತೇನೆ.