ಹಳಿ ದಾರೂಕ ಅಟ್ಟು ಕಿಮ್ಮತ್ತು ಯಾಕ?

ಮೊದಲೇ ಹೇಳಿಬಿಡ್ತೀನಿ ಅಕ್ಕಗೋಳ್ರಿ, ಇದು ಕುಡಿಯೋದಕ್ಕ ಹೊಗಳಿಕಿ ಅಲ್ಲ. ಸೆರೆದಿಂದ ಸಂಸಾರ ಹೆಂಗ ಹಾಳಾಗ್ತಾವ ಅಂತ ಹಲಬರ್ಗಾದ ಹೆಣ್ಮಕ್ಕಳಿಗಿ ಯಾರೂ ಕಲಿಸೋದು ಬ್ಯಾಡ. 2007ರ ಜುಲೈ 1ಕ್ಕ ಸರ್ಕಾರ ಸಾರಾಯಿ ಬಂದ್ ಮಾಡ್ತು, ಪಾಕೀಟು ಹೋಗಿ ಬಾಟ್ಲಿ ಬಂತು. ಆ ಕಥಿ ಬ್ಯಾರೆ ಒಂದು ದಿನ ಬರೀತೀನಿ. ಇವತ್ತು ಬರಿಯೋದು ಹಳಿದಕ್ಕ ಬೆಲಿ ಕಟ್ಟೋದು ಹೆಂಗ ಅಂತ. ಅದು ನಮ್ ಅಡಗಿಮನಿದೇ ವಿದ್ಯಾ ಅದ, ಗಂಡಸರು ಅದಕ್ಕ ದೊಡ್ಡ ಹೆಸರು ಇಟ್ಕೊಂಡಾರ ಅಟ್ಟೆ.

ವಿಸ್ಕಿ ಅನ್ನೋ ಶಬ್ದ ಐರ್ಲೆಂಡಿನ ಹಳಿ ಮಾತು 'ಉಷ್ಕೆ ಬಾಹಾ' ಅನ್ನೋದರಿಂದ ಬಂದದ. ಅಂದ್ರ ಜೀವಜಲ. ಬಾರ್ಲಿ ಮೊಳಕಿ ಒಡೆಸಿ, ಕೊಳೆಸಿ, ಭಟ್ಟಿ ಇಳಿಸ್ತಾರ. ಆವಾಗ ಅದು ನೀರಿನಂಗ ಬಿಳಿ ಇರ್ತದ. ಓಕ್ ಕಟ್ಟಿಗಿ ಪೀಪಾಯಿದಾಗ ಇಟ್ಟ ಮ್ಯಾಲ ಬಣ್ಣ, ವಾಸನಿ, ಮೆತ್ತಗಿನ ರುಚಿ ಬರ್ತದ. ಐರ್ಲೆಂಡಿನ ಕಾಯ್ದೆ ಪ್ರಕಾರ ಕಮ್ಮಿ ಅಂದ್ರ 3 ವರ್ಷ ಕಟ್ಟಿಗ್ಯಾಗ ಇರಲೇಬೇಕು. ಹೊಸ ಅಕ್ಕಿ ಮುದ್ದಿ ಆಗ್ತದ, ಹಳಿ ಅಕ್ಕಿ ಬಿಡಿಬಿಡಿ ಅನ್ನ ಆಗ್ತದ ಅಂತ ನಮಗ ಗೊತ್ತಲ್ಲ, ಅದರಂಗೇ.

ನಮ್ಮ ಪರಿಚಯದವರ ಮಗ ಪರದೇಶದಿಂದ ಬರಬೇಕಾದ್ರ 21 ವರ್ಷ ಅಂತ ಬರ್ದಿದ್ದ ಒಂದು ಐರಿಶ್ ಬಾಟ್ಲಿ ತಂದಾನ. ಯಾರೂ ಕುಡಿಯೋರಿಲ್ಲ. ಆ ತಾಯಿ ನನಗ ಕೇಳಿದಳು, ಇನ್ನ ಹತ್ತು ವರ್ಷ ಅಲಮಾರ್ಯಾಗ ಇಟ್ರ 31 ವರ್ಷದ್ದು ಆಗ್ತದಲ್ಲ, ಬಂಗಾರದಂಗ ಇಟ್ಕೋಲ್ಯಾ ಅಂತ. ಆಗಲ್ರಿ. ಭರಣ್ಯಾಗಿನ ಉಪ್ಪಿನಕಾಯಿ ದಿನಾ ಮಾಗ್ತದ, ಖರೆ ವಿಸ್ಕಿ ಗಾಜಿಗಿ ಇಳೀತಂದ್ರ ಅಲ್ಲಿಗೇ ನಿಂತ್ಹೋಯ್ತು. ವಯಸ್ಸು ಅನ್ನೋದು ಪೀಪಾಯಿದಾಗ ಕಳೆದ ವರ್ಷಗೋಳ್ದು ಅಟ್ಟೆ. ಚೀಟಿ ಮ್ಯಾಲಿನ ಅಂಕಿ ಬಿ ಒಳಗ ಕೂಡಿಸಿದ್ದರಾಗ ಎಲ್ಲಕಿಂತ ಎಳೀದರ ವಯಸ್ಸು. ಸಿಗೋದು ಕಮ್ಮಿ ಆದ್ರ ರೇಟು ಏರಬಹುದು, ರುಚಿ ಏರಲ್ಲ. ಇನ್ನ ಮಾರೋದಂದ್ರ, ಲೈಸೆನ್ಸ್ ಇಲ್ಲದ ಮನಿ ಮಂದಿ ದಾರು ಮಾರೋದು ನಮ್ ರಾಜ್ಯದಾಗ ಗುನ್ಹೆ. ಬಂಗಾರ ಒಯ್ದು ಸರಾಫನ ಅಂಗಡ್ಯಾಗ ಇಟ್ಟಂಗ ಅಲ್ಲ.

ಹಂಗಾದ್ರ ಹಳಿ ಐರಿಶ್ ವಿಸ್ಕಿಗಿ ಅಟ್ಟು ರೊಕ್ಕ ಯಾಕ ಕೊಡ್ತಾರ? ಇದರ ಹಿಂದ ಒಂದು ದೊಡ್ಡ ನಷ್ಟದ ಕಥಿ ಅದ. ಒಂದು ಕಾಲಕ್ಕ ಡಬ್ಲಿನ್ ವಿಸ್ಕಿ ಅಂದ್ರ ಜಗತ್ತಿನಾಗ ಮುಂದ. ಏನಿಯಸ್ ಕಾಫಿ ಅಂತ ಐರ್ಲೆಂಡಿನ ಅಬಕಾರಿ ಅಧಿಕಾರಿ ಇದ್ದ. ನೌಕರಿ ಬಿಟ್ಟು 1830ರಾಗ ಸಸ್ತಾದಾಗ, ಲಗೂನ ಭಟ್ಟಿ ಇಳಿಸೋ ಯಂತ್ರಕ್ಕ ಪೇಟೆಂಟ್ ತಗೊಂಡ. ಡಬ್ಲಿನ್ ಮಂದಿ "ಇದೂ ಒಂದು ವಿಸ್ಕ್ಯಾ?" ಅಂತ ಮೂಗು ಮುರಿದ್ರು. ಸ್ಕಾಟ್ಲೆಂಡಿನವರು ಹಿಡ್ಕೊಂಡು ಗೆದ್ರು. ಆಮ್ಯಾಲ 1920ರಿಂದ 1933ರ ತನ ಅಮೆರಿಕಾದಾಗ ಪಾನನಿಷೇಧ, ಇತ್ತ ಇಂಗ್ಲೆಂಡಿನ ಕೂಡ ಸ್ವಾತಂತ್ರ್ಯದ ಜಗಳ. ಗಿರಾಕಿನೇ ಹೋದ್ರು. ಒಂದೊಂದೇ ಭಟ್ಟಿ ಮುಚ್ಚಿ, 1966ರಾಗ ಉಳಿದ ಮೂರು ಮನೆತನ ಒಂದಾದವು. 1970ರ ದಶಕ ಮುಗಿಯೋ ಹೊತ್ತಿಗಿ ಇಡೀ ದ್ವೀಪದಾಗ ಎರಡೇ ಭಟ್ಟಿ: ಬುಶ್‌ಮಿಲ್ಸ್ ಮತ್ತ ಮಿಡಲ್ಟನ್.

ಈಗ ಲೆಕ್ಕ ಹಾಕ್ರಿ. ಆವಾಗ ಇಳಿಸಿದ್ದೇ ಜರಾ, ಅದರಾಗ ಪೀಪಾಯಿದಾಗ ಉಳಿದಿದ್ದು ಇನ್ನ ಜರಾ. ಮಿಡಲ್ಟನ್‌ದ ಹಳಿ ಭಟ್ಟಿ 1975ರಾಗ ಮುಚ್ಚಿ ಬಾಜೂಕೇ ಹೊಸಾದು ಆಯ್ತು. ಆ ಹಳಿ ಭಟ್ಟಿದ 1974ರ ವಿಸ್ಕಿನ 45 ವರ್ಷ ಕಾದು 2020ರಾಗ ತಗದಾಗ ಒಂದು ಬಾಟ್ಲಿಗಿ 35,000 ಯೂರೊ ಇಟ್ಟಿದ್ರು. ಅದು ಬರೇ ರುಚಿ ರೊಕ್ಕ ಅಲ್ಲ, ಮುಚ್ಚಿದ ಮನಿದ ಕಡೀ ಕಾಳಿನ ರೊಕ್ಕ.

ರುಚಿ ನೋಡೋರು ಹೆಂಗ ನೋಡ್ತಾರ ಗೊತ್ತೇನು? ಬಾಯಿ ಚಿಕ್ಕದಿರೋ ಗ್ಲಾಸಿನಾಗ ಜರಾ ಹಾಕಿ ಮೊದಲು ಮೂಸ್ತಾರ. ನಾವು ತುಪ್ಪ ಅಂಗೈ ಮ್ಯಾಲ ತಿಕ್ಕಿ ಮೂಸಲ್ಲೇನು, ಹಂಗ. ಆಮ್ಯಾಲ ಎರಡು ಹನಿ ನೀರು, ಮತ್ತ ಮೂಸೋದು, ಒಂದು ಗುಟುಕು, ನುಂಗಿದ ಮ್ಯಾಲ ರುಚಿ ಎಟ್ಟೊತ್ತು ನಿಂತದ ಅಂತ ನೋಡೋದು. ಬಣ್ಣ ನಂಬಂಗಿಲ್ಲ, ಸಕ್ಕರಿ ಸುಟ್ಟ ಬಣ್ಣ ಹಾಕೋಕ ಐರ್ಲೆಂಡಿನ ಕಾಯ್ದ್ಯಾಗೇ ಪರವಾನಗಿ ಅದ. ಮುದಿ ಆದ್ರ ಛಲೋ ಅಂತ ಬಿ ಇಲ್ಲ. ಭಾಳ ವರ್ಷ ಇಟ್ರ ಬರೇ ಕಟ್ಟಿಗಿ ಒಗರು ಹತ್ತಿ ಹೋಗ್ತದ. ಕಾದು ಕುಂತವನಿಗಿ ಯಾವಾಗ ತಗೀಬೇಕು ಅನ್ನೋದೇ ಗೊತ್ತಿರಬೇಕು, ಬೆಲ್ಲದ ಪಾಕದಂಗ.

ನಮ್ ರಾಜ್ಯದಾಗ ಈ ವಿದ್ಯಾ ಬಿಸಲಿನ ಕೂಡ ಹೊಡದಾಡ್ತದ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಶುರು ಆಗಿದ್ದು 1948ರಾಗ. ನಮ್ ಬೀದರ್ ಕಡಿ ನಿಜಾಮನ ರಾಜ್ಯ ಮುಗಿದ ವರ್ಷನೂ ಅದೇ. ಜೀವಜಲ, ಅಮೃತ, ನೋಡ್ರಿ ಹೆಸರು ಇಡೋ ಬುದ್ಧಿ ಎಲ್ಲೆಲ್ಲೂ ಒಂದೇ! 2004ರಾಗ ಅವರು ತಮ್ಮ ಸಿಂಗಲ್ ಮಾಲ್ಟ್ ಮೊದಲು ತೋರ್ಸಿದ್ದು ಇಲ್ಲಿ ಅಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಾಗ, ಹುಲಿ ಗವಿಗೇ ಹೋಗಿ. 2010ರ ವಿಸ್ಕಿ ಬೈಬಲ್ ಅನ್ನೋ ಪುಸ್ತಕದಾಗ ಜಿಮ್ ಮರ್ರೆ ಅವರ ಫ್ಯೂಷನ್‌ಗಿ 100ಕ್ಕ 97 ಕೊಟ್ಟು ಜಗತ್ತಿನಾಗ ಮೂರನೇದು ಅಂತ ಬರದ. ಅದರ ಮ್ಯಾಲ ವಯಸ್ಸೇ ಬರ್ದಿಲ್ಲ.

ಯಾಕಂದ್ರ ಇಲ್ಲಿ ವರ್ಷದ ಲೆಕ್ಕ ಬ್ಯಾರೆ. ಕಟ್ಟಿಗಿ ಸಂದ್ಯಾಗ ಆರಿ ಹೋಗೋದಕ್ಕ ಅವರು ದೇವದೂತರ ಪಾಲು ಅಂತಾರ. ಐರ್ಲೆಂಡಿನ ಥಂಡ್ಯಾಗ ವರ್ಷಕ್ಕ ಸುಮಾರು 100ಕ್ಕ 2 ಹೋದ್ರ, ಬೆಂಗಳೂರಾಗ 10ರಿಂದ 12 ಹೋಗ್ತದ. ನಾ ಮೊಬೈಲಿನಾಗ ಗುಣಾಕಾರ ಮಾಡಿ ನೋಡ್ದೆ: 100 ಲೀಟರ್ 21 ವರ್ಷ ಇಟ್ರ ಅಲ್ಲಿ 65ರ ಹತ್ತಿರ ಉಳೀತದ, ಇಲ್ಲಿ 10ರ ಲೆಕ್ಕ ಹಿಡದ್ರ ಬಿ 11 ಲೀಟರ್. ನಮ್ ಭಾಲ್ಕಿ ಬಿಸಲಿಗಿ ಇಟ್ರ ಪೀಪಾಯಿನೇ ಕುಡದು ಕುಂತಿರ್ತದ! ಅದಕ್ಕ ಅಲ್ಲಿಯ 21 ಮತ್ತ ಇಲ್ಲಿಯ 8 ಬಾಜೂ ಬಾಜೂ ಇಟ್ಟು ಅಂಕಿ ಮ್ಯಾಲ ತೂಗೋದು ತಪ್ಪು.

2013ರಾಗ ಅಮೃತ್‌ದವರು 8 ವರ್ಷ ಕಾದ ಪೀಪಾಯಿ ತೆರದ್ರು. ಇಟ್ಟಿದ್ದರಾಗ ಸುಮಾರು ಮುಕ್ಕಾಲು ಪಾಲು ಗಾಳಿಗಿ ಹೋಗಿತ್ತು. ಉಳಿದಿದ್ದು 144 ಬಾಟ್ಲಿ ಆದವು. ಅದಕ್ಕ ಇಟ್ಟ ಹೆಸರು ಗ್ರೀಡಿ ಏಂಜಲ್ಸ್, ಅಂದ್ರ ಹೊಟ್ಟಿಬಾಕ ದೇವದೂತರು.